ಹೂಂ ಎಂಬ ಒಪ್ಪಿಗೆ

ಖಾನಾಪುರ
೧೨-೬-೧೯೭೯

ಹಿಂದವಾಡಿಯಲ್ಲಿ ಅಳುತ್ತ ಕೂತಿರುವ ಮೊಮ್ಮಗಳು ಸತ್ಯವ್ವಳಿಗೆ ಬಾಳವ್ವಜ್ಜಿಯ ಆಶೀರ್ವಾದ. ಮೊದಲು ಮೂಗು ಒರೆಸಿಕೊ, ಆಮೇಲೆ ಓದು.

ನರ್ಸ್ ಕೆಲಸದ ಸಂದರ್ಶನದಲ್ಲಿ ಆ ಮುಂಬಯಿ ಡಾಕ್ಟರು 'ಡು ಯು ಮೈಂಡ್ ಗೋಯಿಂಗ್ ಟು ಕಣಕುಂಬಿ' ಎಂದು ಕೇಳಿದರಂತೆ. ನೀನು ಆ ಕಾಡಿನ ಊರಿಗೂ ಒಪ್ಪಿಗೆ ತೋರಿಸಲು 'ಯೆಸ್ ಸರ್, ಯೆಸ್ ಸರ್' ಎಂದೆಯಂತೆ. ಅವರು ನಿನ್ನ ಹೆಸರಿಗೆ ಗೀಟು ಎಳೆದರಂತೆ. ಒಂದು ಸಲ ಸಾಲದೆಂದು ಎರಡು ಸಲ ಬೇರೆ ಅಂದೆಯಲ್ಲ!

ನಿನ್ನ ಪತ್ರ ಹಿಡಿದು ಪೆನ್ಶನ್ ಆದ ಪೋಸ್ಟ್ ಮಾಸ್ತರ ಬುರಾನುದ್ದೀನನ ಮನೆಗೆ ಹೋದೆ. ನನ್ನ ಮೊಣಕಾಲಿಗೆ ಈಗ ಅವನ ಮನೆಯ ಮೂರು ಮೆಟ್ಟಿಲೂ ಗುಡ್ಡವೇ. ಓದಿ ನಕ್ಕ. "ಬಾಳಕ್ಕಾ, ಹೋಗಾಕ ಬ್ಯಾಸರ ಐತೇನು ಅಂತ ಕೇಳ್ಯಾರ. ಹೋಗಾಕ ಒಪ್ಪಿಗಿ ಇದ್ರ ನೋ ಅನಬೇಕಿತ್ತು."

"ಹಲ್ಲು ಉದುರಿದ್ರೂ ನಿನ್ನ ಚ್ಯಾಷ್ಟಿ ಉದುರಲಿಲ್ಲ ನೋಡು. ಒಪ್ಪಿಗಿಗೆ ಯಾರರ ಇಲ್ಲ ಅಂತಾರೇನೋ?" ಎಂದು ಬೈದೆ. ಅವನು ಬಿಡಿಸಿ ಹೇಳಿದ ಮೇಲೆ ತಿಳಿಯಿತು, ಖರೇನೇ ಹೇಳಿದ್ದ.

ಸೋಮವಾರ ಸದಾಶಿವನಗರದ ಇನ್ನೊಂದು ದವಾಖಾನೆಯವರು ಕರೆದಿದ್ದಾರಲ್ಲ, ಮಾಸ್ತರ ಬರೆಸಿದ್ದನ್ನು ಬಾಯಿಪಾಠ ಮಾಡು. ಮೈಂಡ್ ಎಂದು ಕೇಳಿದರೆ 'ನಾಟ್ ಅಟ್ ಆಲ್'. ಹೋಗುತ್ತೀಯಾ ಎಂದರೆ 'ಸರ್ಟನ್ಲಿ'. ಕೇಳಿದ್ದೇ ತಿಳಿಯದಿದ್ದರೆ 'ಐ ಆಮ್ ವಿಲಿಂಗ್ ಟು ಗೋ'. ಈ ಮಾತು ಯಾವ ಕಡೆಯಿಂದಲೂ ತಿರುಗಿ ಬೀಳುವುದಿಲ್ಲವಂತೆ.

ಇದೂ ತಪ್ಪಿದರೆ ನಿಮ್ಮಪ್ಪ ನಿನ್ನನ್ನು ಉಳವಪ್ಪನ ಮಗನಿಗೆ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಮನೆಯಲ್ಲಿ ದಿನಾ ಅದೇ ಮಾತು, ಕೇಳಿ ಕೇಳಿ ಸಾಕಾಗಿದೆ. ಎರಡನೇ ಇಯತ್ತೆಗೇ ಶಾಲೆ ಬಿಟ್ಟವಳ ಅಕ್ಷರ ನನ್ನದು, ಇಷ್ಟು ಬರೆಯುವುದರಲ್ಲಿ ಬೆರಳೂ ಸೋತವು.

ನಿನ್ನ ಅಜ್ಜಿ
ಬಾಳವ್ವ

ತಾ.ಕ.: ನಿನ್ನನ್ನು ಬೈಯುವ ಹಕ್ಕು ನನಗೆಲ್ಲಿದೆ? ಹದಿಮೂರು ವರ್ಷದವಳಿದ್ದಾಗ ನಮ್ಮಪ್ಪ ಕೇಳಿದ್ದ, "ಈ ವರಕ್ಕ ಒಪ್ಪಿಗಿ ಇಲ್ಲೇನ್ ನಿನಗ?" ನಾನು "ಹೂಂ" ಅಂದೆ. ಹೂಂ, ಒಪ್ಪಿಗೆ ಇಲ್ಲ ಎಂದೇ ನಾನು ಅಂದದ್ದು. ಅಪ್ಪ ಹೊರಗೆ ಹೋಗಿ ಎಲ್ಲರಿಗೂ ಸಕ್ಕರೆ ಹಂಚಿದ. ಆ ಒಂದು ಹೂಂಗೆ ಐವತ್ತೊಂದು ವರ್ಷ ಸಂಸಾರ ಮಾಡಿದೆ. ನಿನ್ನೆ ಉಳವಪ್ಪ ಪಡಸಾಲೆಯಲ್ಲಿ ಕೂತಿದ್ದಾಗಲೇ ನಿಮ್ಮಪ್ಪ ಕೇಳಿದ, "ಯವ್ವಾ, ಈ ಸಂಬಂಧಕ್ಕ ನಿಂದೇನೂ ಅಡ್ಡಿ ಇಲ್ಲಲಾ?"

ಈ ಸಲ ನಾನು ಹೂಂ ಅನ್ನಲಿಲ್ಲ. "ಐತಿ" ಅಂದೆ.