ಸಮುದ್ರಕ್ಕೆ ಬಿಟ್ಟ ತಾಬೂತು

ಗೆಳೆಯ ಹನೀಫಾ,

ಕಣ್ಣು ಮುಚ್ಚುವ ಮುನ್ನ ನೀನು ಕಟ್ಟಿಟ್ಟಿದ್ದ ಬಿದಿರಿನ ಚೌಕಟ್ಟಿಗೆ ನಿನ್ನ ಮಗಳು ಜಲೀಮಾ ಬಣ್ಣದ ಕಾಗದ ಅಂಟಿಸಿ, ಈ ಹೊಸೈಗೆ, ನಮ್ಮ ದ್ವೀಪದ ಮೊಹರಮ್ಮಿಗೆ, ತಾಬೂತು ಮುಗಿಸಿದಳು.

ಇಂದು ಪಟ್ಟಣದಿಂದ ಸಂಸ್ಕೃತಿ ಸಮಿತಿಯವರು ಬಂದಿದ್ದರು. "ಇಷ್ಟು ಚೆಂದದ್ದನ್ನ ನೀರಿಗೆ ಹಾಕ್ತೀರಾ? ನಮಗೆ ಕೊಡಿ, ಗಾಜಿನ ಪೆಟ್ಟಿಗೇಲಿ ಇಡ್ತೀವಿ" ಎಂದರು.

ನನಗೆ ಮೈಯೆಲ್ಲ ಉರಿಯಿತು. "ಕೂಲಿಗೆ ಬಂದ ನಮ್ಮ ಮುತ್ತಜ್ಜಂದಿರು ಕಬ್ಬಿನ ತೋಟದಿಂದ ಇದನ್ನ ಹೊತ್ತು ತಂದಾಗ ಬಿಳಿಯರ ಪೊಲೀಸರು ಗುಂಡು ಹೊಡೆದ್ರು. ಈಗ ಗಾಜಿನ ಪೆಟ್ಟಿಗೆಯಾ? ಮುಳುಗಿಸೋಕೇ ಕಟ್ಟೋದು, ಸ್ವಾಮಿ!"

ಜಲೀಮಾ ನಕ್ಕಳು. "ಸೂಕ್ ಚಾಚಾ, ನೀವು ಅಪ್ಪನಿಗಿಂತ ಜೋರು."

ಸಂಜೆ ನಮ್ಮೂರು ಸೆಡ್ರೋಸಿನ ದಡದಿಂದ ತಾಬೂತನ್ನು ಸಮುದ್ರಕ್ಕೆ ಇಳಿಸಿದೆವು. ಕಾಗದ ನೆನೆದು ಕಳಚಿತು. ಒಳಗೆ ನೀನು ಬಿಗಿದ ಗಂಟುಗಳು ಕಂಡವು. ಉಳಿದವರೆಲ್ಲ ದಡಕ್ಕೆ ಮರಳಿದರು.

"ಚಾಚಾ, ಇನ್ನು ಕೈ ಬಿಡಿ" ಎಂದು ದಡದಿಂದ ಕೂಗಿದಳು ಜಲೀಮಾ.

ನೋಡಿದರೆ, ಬಿದಿರಿನ ತುದಿ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.