ಹಮಾದಾ ಸಾನ್ ಅವರ ಮೂಕಿ ಚಿತ್ರ

ಡಿ. 20, 1999. ಕೋಬೆ

ಇವತ್ತೂ ಕುರ್ಚಿ ಕಿತ್ತೆ. ಹಮಾದಾ ಸಾನ್ ಅವರ ಟಾಕೀಸು ಇನ್ನೇನು ನೆಲಸಮ. ಪರದೆಯ ಹಿಂದೆ ಎರಡು ತಗಡಿನ ಡಬ್ಬಿ. ಮುಚ್ಚಳದ ಮೇಲಿನ ಹೆಸರನ್ನು ಮುದುಕರು ಎರಡೆರಡು ಸಲ ಜೋರಾಗಿ ಓದಿದರು. ಅವರಪ್ಪ ತೆಗೆದ ಮೂಕಿ ಕಾಮಿಡಿ. ಯುದ್ಧದ ಬೆಂಕಿಯಲ್ಲಿ ಮನೆಯ ಜೊತೆ, ಅಮ್ಮನ ಜೊತೆ ಅದೂ ಹೋಯಿತು ಅಂದುಕೊಂಡಿದ್ದರಂತೆ.

ಡಿ. 22

ಕಿಟಕಿ ಬೆಳಕಿಗೆ ಹಿಡಿದು ನೋಡಿದೆವು. ಸಿನಿಮಾದವರದ್ದೇ ಕಥೆ. ಡೈರೆಕ್ಟರು ಮಳೆ ಬೇಕು ಎಂದು ಕೂಗುತ್ತಾನೆ, ಬಕೆಟ್ಟಿನವರು ಪ್ರೊಡ್ಯೂಸರನನ್ನೇ ತೋಯಿಸುತ್ತಾರೆ. ಪಕ್ಕದಲ್ಲಿ ನಗುವ ಹೆಂಗಸು ಹಮಾದಾ ಸಾನ್ ಅವರ ಅಮ್ಮ. ಒಂದು ಫೋಟೋ ಕೂಡ ಇಲ್ಲ ಅವರ ಹತ್ತಿರ.

ಫಿಲ್ಮು ಅಂಟಂಟಾಗಿ ಕರಗುತ್ತಿದೆ. ಹಳೇ ಫಿಲ್ಮು ಉಳಿಸುವ ಟೋಕಿಯೋ ಲ್ಯಾಬಿನವರು ಬೇಗ ಕಳಿಸಿ ಎಂದಿದ್ದಾರೆ.

ಡಿ. 28

ನಾನೊಬ್ಬ ಮುಠ್ಠಾಳ.

ಮೊದಲ ಡಬ್ಬಿ ಕೊರಿಯರಿಗೆ ಒಯ್ದೆ. ಕೌಂಟರಿನ ಹುಡುಗಿ, "ಬೆಂಕಿ ಹತ್ತುವಂಥದ್ದು ಏನೂ ಇಲ್ಲ ತಾನೇ?" ಎಂದಳು. ಎಲ್ಲರನ್ನೂ ಕೇಳುವ ಪ್ರಶ್ನೆ. "ಇದೆ" ಎಂದೆ. "ಹಳೇ ಫಿಲ್ಮು. ಹೊತ್ತಿದರೆ ಆರಲ್ಲ."

ಅಗ್ನಿಶಾಮಕದವರು ಬಂದರು. ಬೇಡಿಕೊಂಡೆ. ನಿಯಮ ಎಂದರು. ಡಬ್ಬಿ ಒಯ್ದರು, ನಾಶ ಮಾಡುತ್ತಾರೆ.

ಅಕ್ಕ ಶ್ರೀರಕ್ಷಾ ಕೂಗಾಡಿದಳು: "ಹರಿಶ್ಚಂದ್ರನ ಮೊಮ್ಮಗ ಕಣೋ ನೀನು! ಲೆಕ್ಚರರ್ ಮುಖಕ್ಕೇ 'ನಿಮ್ಗೆ ಪಾಠ ಮಾಡಕ್ಕೆ ಬರಲ್ಲ' ಅಂದು ಕಾಲೇಜ್ ಬಿಟ್ಟೆ. ಜಪಾನಿಗೆ ನನ್ ಮನೆಗೆ ಬಂದ್ರೂ ಬುದ್ಧಿ ಬರ್ಲಿಲ್ವಾ?"

ಡಿ. 30

ಹಮಾದಾ ಸಾನ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಅಮ್ಮ ಇರೋದು ಇನ್ನೊಂದು ಡಬ್ಬಿಯಲ್ಲಿ" ಎಂದರು. "ನಾಲ್ಕನೇ ತಾರೀಕು ಲ್ಯಾಬಿನವರದ್ದೇ ವ್ಯಾನ್ ಬರುತ್ತೆ. ಅಲ್ಲೀತನಕ ಬಾಯಿ ಮುಚ್ಚಿಕೊಂಡಿರು, ಮೋಹಿತ್ ಸಾನ್."

ಟಾಕೀಸು ಒಡೆದಾಯಿತು. ಡಬ್ಬಿ ಅಕ್ಕನ ಮನೆ ಬಾಲ್ಕನಿಯಲ್ಲಿ.

ಜ. 3, 2000. ಬೆಳಿಗ್ಗೆ

Y2K, ಕಂಪ್ಯೂಟರೆಲ್ಲ ಕೆಡುತ್ತವೆ ಎಂದಿದ್ದರು... ಏನೂ ಆಗಲಿಲ್ಲ. ಭಾವ ಆಫೀಸಿನಿಂದ ಬಂದು ಸತ್ತವರ ಹಾಗೆ ಮಲಗಿದ್ದಾರೆ.

ಅಗ್ನಿಶಾಮಕದವರ ಫೋನು. ಮನೆಗೆ ಬರುತ್ತಾರಂತೆ. ಅಂಥ ಫಿಲ್ಮು ಇನ್ನೂ ಇದೆಯಾ ಎಂದು ಕೇಳುತ್ತಾರೆ. ಹುಡುಕುವುದಿಲ್ಲ, ಕೇಳುತ್ತಾರೆ ಅಷ್ಟೆ. ಈ ಊರಿನಲ್ಲಿ ಮಾತನ್ನು ನಂಬುತ್ತಾರೆ — ಅದೇ ಕಷ್ಟ.

ಒಂದೇ ದಿನ ತಳ್ಳಬೇಕು. ಆದರೆ ಬಾಲ್ಕನಿ ಗೋಡೆಗೆ ಅಂಟಿಕೊಂಡು ಅಕ್ಕನ ಮಗಳು ನಿಧಿ ಮಲಗುತ್ತಾಳೆ. ಮೂರು ವರ್ಷ ಅವಳಿಗೆ. ಹೀಟರ್ ಬೇರೆ.

"ಇಲ್ಲ ಅನ್ನೋ. ಒಂದ್ ಮಾತಿಗೆ ನಾಲ್ಗೆ ಸವೆಯುತ್ತಾ?" ಎಂದಳು ಅಕ್ಕ. ಆಮೇಲೆ ಸದ್ದಿಲ್ಲದೆ ನಿಧಿಯನ್ನು ಹಾಸಿಗೆ ಸಮೇತ ಎತ್ತಿ ಅಡುಗೆಮನೆಗೆ ಒಯ್ದಳು.

ಬೆಲ್. ಸುಮಿಮಾಸೆನ್, ಕ್ಷಮಿಸಿ, ಎನ್ನುತ್ತಿದ್ದಾರೆ. ಇಬ್ಬರು. ಅಕ್ಕ ನನ್ನನ್ನೇ ಕರೆಯುತ್ತಿದ್ದಾಳೆ. ಇಲ್ಲ. ಇಲ್ಲ. ಹೇಳಿ ನೋಡುತ್ತಿದ್ದೇನೆ, ಬಾಯಿಗೆ ಬರುತ್ತದೆ. ಅವರ ಮುಖ ನೋಡದೆ ಹೇಳಿದರೆ ಆದೀತು. ಬಾಗಿಲಿಗೆ ಹೋಗುತ್ತಿದ್ದೇನೆ.