ಕಟ್ಟೆ ಕಿತ್ತವರು ಸ್ಟಿಕ್ಕರ್ ಹಚ್ಚಿದರು

ನಮ್ಮ ಮನೆಗಳನ್ನು ಹೊಗೆಮುಕ್ತ ಮಾಡಲು ಹೊರಟಿರುವ ಆರೋಗ್ಯಾಧಿಕಾರಿಗಳೇ,

"ಈ ಮನೆ ಹೊಗೆಮುಕ್ತ. ಸೇದುವವರು ದಯವಿಟ್ಟು ಹೊರಗೆ ಹೋಗಿ" ಎಂಬ ಹಸಿರು ಸ್ಟಿಕ್ಕರನ್ನು ನಮ್ಮ ಓಣಿಯ ಪ್ರತಿ ಬಾಗಿಲಿಗೂ ಹಚ್ಚಿಸಿದ್ದೀರಿ. ನನ್ನ ತಕರಾರು ಇಷ್ಟೇ: ಆ ಹೊರಗು ಎಲ್ಲಿದೆ ಎಂದು ತೋರಿಸಿಕೊಡಿ. ನಮಗಿದ್ದ ಒಂದೇ ಹೊರಗನ್ನು ಹೋದ ಬೇಸಿಗೆಯಲ್ಲಿ ನಿಮ್ಮದೇ ಸರ್ಕಾರದ ಜೆಸಿಬಿ ಕಿತ್ತುಕೊಂಡು ಹೋಗಿದೆ.

ಹೊಗೆಯ ಪರವಾಗಿ ವಾದಿಸಲು ನಾನು ಪೆನ್ನು ಹಿಡಿದಿಲ್ಲ. ಒಂದೇ ಕೋಣೆಯ ಮನೆಯಲ್ಲಿ ಒಬ್ಬ ಸೇದಿದರೆ ಎಲ್ಲರೂ ಸೇದಿದಂತೆ ಎಂದು ನಿಮ್ಮ ಕರಪತ್ರ ಹೇಳುತ್ತದೆ. ನಿಜ. ನಮ್ಮಲ್ಲಿ ಅಡುಗೆಗೆ, ನಿದ್ದೆಗೆ, ತೊಟ್ಟಿಲಿಗೆ, ಮನೆಗೆ ಬಂದ ಬೀಗರಿಗೆ ಎಲ್ಲಕ್ಕೂ ಅದೇ ಒಂದು ಕೋಣೆ. ಕಿಟಕಿಯೂ ಒಂದಿದೆ, ಅದು ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ಸ್ಟಿಕ್ಕರಿನ ಮೇಲೂ ನನಗೆ ಸಿಟ್ಟಿಲ್ಲ. ಮನೆಯವರ ಕಣ್ಣಿಗೆ ಬೀಳಲೆಂದು ಅದನ್ನು ಬಾಗಿಲಿನ ಒಳಮೈಗೆ ಹಚ್ಚಬೇಕೆಂದು ಆದೇಶವಂತೆ. ಆದರೆ ನಮ್ಮ ಬಾಗಿಲುಗಳು ಬೆಳಗಾದರೆ ತೆರೆಯುತ್ತವೆ, ಮಲಗುವಾಗ ಮುಚ್ಚುತ್ತವೆ. ತೆರೆದ ಬಾಗಿಲಿನ ಒಳಮೈ ಗೋಡೆಗೆ ಅಂಟಿಕೊಂಡಿರುತ್ತದೆ. ಹೀಗಾಗಿ ನಿಮ್ಮ ಸಂದೇಶವನ್ನು ದಿನವಿಡೀ ಗೋಡೆ ಓದುತ್ತಿದೆ. ನಮ್ಮ ಓಣಿಯ ಗೋಡೆಗಳು ಬೀಡಿ ಬಿಟ್ಟಿವೆ ಎಂದು ಧಾರಾಳವಾಗಿ ವರದಿ ಬರೆದುಕೊಳ್ಳಿ.

ಸಾಕ್ಷಿಗೆ ನನ್ನ ಪಕ್ಕದ ಮನೆಯನ್ನು ಕೊಡುತ್ತೇನೆ. ಯಜಮಾನ ನೀಲಪ್ಪ, ಗೋಡೆ ಕಟ್ಟುವ ಗೌಂಡಿ. ಬೈಲಹೊಂಗಲದಿಂದ ಸವದತ್ತಿಯವರೆಗೆ ಅವರ ಕರಣಿ ಸೋಕದ ಊರು ಕಡಿಮೆ. ಹೆಂಡತಿ ಕೃಷ್ಣವ್ವ, ಮಗ ಸದಾಶಿವ, ಸೊಸೆ ಪ್ರಣಿತಾ, ಮತ್ತು ಅವಳ ಎಳೆಗೂಸು. ಆ ಕೂಸಿಗೆ ಉಬ್ಬಸ. ಹೋದ ಚಳಿಗಾಲದಲ್ಲಿ ಎಲ್ಲರೂ ಸೇರಿ ಕೂಸನ್ನು ದವಾಖಾನೆಗೆ ಒಯ್ದರು. ವೈದ್ಯರು ಎದೆ ನೋಡುವ ಮೊದಲು ಅದನ್ನು ಸುತ್ತಿದ್ದ ಕೌದಿಯನ್ನು ಮೂಸಿದರಂತೆ.

"ಮನ್ಯಾಗ ಬೀಡಿ ಸೇದವರು ಯಾರ್ರಿ?"

ನೀಲಪ್ಪ ಮೇಲೆ ಫ್ಯಾನು ನೋಡಿದರು. ಸದಾಶಿವ ಕೆಳಗೆ ನೆಲ ನೋಡಿದ. ಪ್ರಣಿತಾ ಮಾತ್ರ ವೈದ್ಯರನ್ನೇ ನೋಡಿ, "ನಮ್ಮ ಮಾವಾರ್ರಿ. ಮತ್ತ ಮನಿಗೆ ಬಂದಾವ್ರೆಲ್ಲಾರೂ," ಅಂದಳು.

"ಹಂಗಾದ್ರ ಮೊದಲ ಹೊಗಿ ಹೊರಗ ಹಾಕ್ರಿ. ಇಲ್ಲಾಂದ್ರ ನನ್ನ ಔಷಧ ಏನೂ ಮಾಡೂದಿಲ್ಲ."

ಅಂದು ಸಂಜೆ ನೀಲಪ್ಪ ಬೀಡಿ ಕಟ್ಟು ಹಿಡಿದು ಮನೆ ಮುಂದಿನ ಕಟ್ಟೆಗೆ ಬಂದು ಕುಳಿತರು. ಅವರೇ ಕಟ್ಟಿದ ಕಟ್ಟೆ ಅದು. ನಮ್ಮ ಮೂರು ಮನೆಗಳ ಮುಂದೆ ಉದ್ದಕ್ಕೂ ಹಾಸುಗಲ್ಲು. "ಸೇದಾಂವ ನಾ, ಕೆಮ್ಮೂದು ಕೂಸು. ಇದೆಂಥಾ ನ್ಯಾಯ ಗೌರೀಶಾ?" ಎಂದು ನನ್ನನ್ನು ಕೇಳಿದರು. ಆಮೇಲೆ ಅವರು ಹೊಸ್ತಿಲೊಳಗೆ ಕಡ್ಡಿ ಗೀರಿದ್ದನ್ನು ನಾನು ನೋಡಿಲ್ಲ.

ಯಜಮಾನ ಹೊರಗೆ ಬಂದದ್ದು ಅರ್ಧ ಕೆಲಸ. ಉಳಿದರ್ಧ ಬೀಗರದು. ನಿಮ್ಮ ಕರಪತ್ರ ಬರೆದವರಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳುತ್ತೇನೆ. ಈ ಓಣಿಯಲ್ಲಿ ಬಂದವರಿಗೆ ಚಹಾ ಆದ ಮೇಲೆ ಒಂದು ತಾಟು ಬರುತ್ತದೆ. ಅದರಲ್ಲಿ ಎಲೆ, ಅಡಿಕೆ, ಸುಣ್ಣ, ಒಂದು ಬೀಡಿ ಕಟ್ಟು, ಕಡ್ಡಿಪೆಟ್ಟಿಗೆ. ತಾಟು ಇಡದಿದ್ದರೆ ಅವಮಾನ, ಇಟ್ಟು ಸೇದಬೇಡಿ ಎಂದರೆ ಇನ್ನೂ ದೊಡ್ಡ ಅವಮಾನ. "ಬೀಗರಿಗೆ ಸೇದಬ್ಯಾಡ್ರಿ ಅಂತ ಯಾವ ಬಾಯಿಲೆ ಅನ್ಲಿ? ಅವರ ಬಸ್ಸು ಮುರಗೋಡ ಮುಟ್ಟೂದ್ರಾಗ ನನ್ನ ಮಾನ ಹರಾಜ ಹಾಕಿರ್ತಾರ," ಎಂದ ಕೃಷ್ಣವ್ವನೇ ಉಪಾಯ ಹುಡುಕಿದರು. ಯಾರಿಗೂ ಏನೂ ಹೇಳಲಿಲ್ಲ. ತಾಟನ್ನು ಕಟ್ಟೆಯ ಮೇಲೆ ಇಟ್ಟರು, ಅಷ್ಟೇ. ತಾಟು ಎಲ್ಲಿಗೆ ಹೋಯಿತೋ ಬೀಗರೂ ಅಲ್ಲಿಗೇ ಹೋದರು. "ಗಾಳಿ ಚೊಲೊ ಬರತೈತಿ ನೋಡ್ರಿ ಇಲ್ಲಿ," ಎಂದು ತಾವೇ ಮೆಚ್ಚಿಕೊಂಡರು. ನೋಡನೋಡುತ್ತ ಓಣಿಯ ಬೇರೆ ಮನೆಗಳ ತಾಟುಗಳೂ ಕಟ್ಟೆಗೆ ಬಂದವು. ಕೂಸು ರಾತ್ರಿ ನಿದ್ದೆ ಮಾಡತೊಡಗಿತು. ಆಗಿನ್ನೂ ನಿಮ್ಮ ಸ್ಟಿಕ್ಕರ್ ಮುದ್ರಣವೂ ಆಗಿರಲಿಲ್ಲ.

ಬೇಸಿಗೆಯಲ್ಲಿ ಚರಂಡಿ ಕಾಮಗಾರಿ ಬಂತು. ಕಟ್ಟೆ ಒತ್ತುವರಿ ಎಂದು ತೀರ್ಮಾನವಾಯಿತು. ನೀಲಪ್ಪ ಜೆಸಿಬಿಯ ಮುಂದೆ ನಿಂತು ಇಂಜಿನಿಯರಿಗೆ ಕೈಮುಗಿದರು.

"ಸಾಹೇಬ್ರ, ಇದು ಬರೇ ಕಟ್ಟಿ ಅಲ್ರಿ, ನಮ್ಮ ಕೂಸಿನ ಔಷಧ."

"ಔಷಧ ಇದ್ರ ದವಾಖಾನ್ಯಾಗ ಇಡ್ರಿ ಯಜಮಾನ್ರ, ರಸ್ತೇದಾಗ ಯಾಕ?"

ಜೋಕು ಚೆನ್ನಾಗಿತ್ತು. ಜೆಸಿಬಿ ಡ್ರೈವರನೂ ನಕ್ಕ. ಹಾಸುಗಲ್ಲುಗಳನ್ನು ಒಯ್ದು ನಿಮ್ಮ ಕಚೇರಿಯ ಹಿಂದೆಯೇ ಒಟ್ಟಿದ್ದಾರೆ, ನಿಮ್ಮ ಸಿಬ್ಬಂದಿ ಮಧ್ಯಾಹ್ನ ಅವುಗಳ ಮೇಲೆ ಕುಳಿತು ಬುತ್ತಿ ಬಿಚ್ಚುತ್ತಾರೆ. ಕಲ್ಲಿಗೆ ಕೂಡುವವರು ಸಿಕ್ಕಿದ್ದಾರೆ, ಕೂಡುತ್ತಿದ್ದವರಿಗೆ ಕಲ್ಲಿಲ್ಲ. ಈಗ ನಮ್ಮ ಹೊಸ್ತಿಲು ದಾಟಿದರೆ ಚರಂಡಿಯ ಮುಚ್ಚಳ, ಅದನ್ನು ದಾಟಿದರೆ ಕಬ್ಬಿನ ಟ್ರ್ಯಾಕ್ಟರು. ಬೀಗರು ಬಂದರೆ ಅವರನ್ನು ಟ್ರ್ಯಾಕ್ಟರಿನ ಗಾಲಿಗೆ ಎದುರಾಗಿ ಕೂರಿಸಿ ಬೀಡಿ ಕೊಡಬೇಕೇ? ತಾಟು ಮತ್ತೆ ಒಳಗೆ ಬಂತು. ಮೊಣಕಾಲು ಸವೆದ ನೀಲಪ್ಪ ಹೊಸ್ತಿಲ ಮೇಲೆ ಕುಳಿತು ಹೊರಗೆ ಮುಖ ಮಾಡಿ ಸೇದುತ್ತಾರೆ. ಅವರ ಮುಖ ಹೊರಗಿದ್ದರೂ ಗಾಳಿಯ ಮುಖ ಒಳಗೇ ಇದೆ.

ಆಗ ಬಂದದ್ದು ನಿಮ್ಮ ತಂಡ. ಫೋಟೋಕ್ಕೆಂದು ನೀಲಪ್ಪನವರ ಮನೆಯನ್ನೇ ಆರಿಸಿಕೊಂಡರು, ತೊಟ್ಟಿಲು ಇತ್ತಲ್ಲ, ಚಿತ್ರ ಚೆನ್ನಾಗಿ ಬರುತ್ತದೆ. ಬಾಗಿಲು ಮುಚ್ಚಿಸಿ ಸ್ಟಿಕ್ಕರ್ ಹಚ್ಚಿದರು, ಭಾಷಣವಾಯಿತು, ಚಹಾ ಆಯಿತು. ಕೃಷ್ಣವ್ವ ತಾಟು ತಂದಿಟ್ಟರು. ಮನೆಗೆ ಬಂದವರು ಬಂದವರೇ, ಸರ್ಕಾರದವರಾದರೇನು? ನಿಮ್ಮ ತಂಡದ ಹಿರಿಯರೊಬ್ಬರು ತಾಟು ನೋಡಿದರು, ಸ್ಟಿಕ್ಕರ್ ನೋಡಿದರು, ಒಂದು ಬೀಡಿ ಎತ್ತಿಕೊಂಡು ಹಚ್ಚಿಯೇ ಬಿಟ್ಟರು.

"ಸಾಹೇಬ್ರ, ಕೂಸು ಐತ್ರಿ," ಎಂದಳು ಪ್ರಣಿತಾ.

"ಒಂದ್ ದಮ್ಮಿಗೆ ಏನಾಗೂದಿಲ್ಲ ಬಿಡವಾ. ನಿಮ್ಮತ್ತಿ ಪ್ರೀತೀಲೆ ಕೊಟ್ಟಾರ, ಒಲ್ಲೆ ಅಂದ್ರ ಬ್ಯಾಸರ ಮಾಡ್ಕೋತಾರ."

ನಾನು ಅವರನ್ನು ದೂರುವುದಿಲ್ಲ. ನಿಮ್ಮ ಇಡೀ ಇಲಾಖೆಯಲ್ಲಿ ನಮ್ಮ ಸಮಸ್ಯೆಯನ್ನು ಸರಿಯಾಗಿ ಅರ್ಥಮಾಡಿಕೊಂಡ ಏಕೈಕ ವ್ಯಕ್ತಿ ಅವರೇ. ತಾಟು ಒಳಗಿದ್ದರೆ ಹೊಗೆಯೂ ಒಳಗೆ ಎಂಬುದನ್ನು ಅವರು ಸ್ವತಃ ಸೇದಿ ತೋರಿಸಿಕೊಟ್ಟರು.

ಅದೇ ವಾರ ಕೂಸಿಗೆ ಮತ್ತೆ ಉಬ್ಬಸ ಎದ್ದಿತು. ಪ್ರಣಿತಾ ಜಗಳ ಮಾಡಲಿಲ್ಲ. ಕೂಸನ್ನೂ ಕೌದಿಯನ್ನೂ ಎತ್ತಿಕೊಂಡು ದೊಡವಾಡದ ತವರಿಗೆ ಹೋದಳು. ಅಲ್ಲಿ ಮನೆ ಮುಂದೆ ಅಂಗಳವಿದೆ. ಹೋಗುವಾಗ ಮಾವನಿಗೆ ಹೇಳಿದ್ದು ಒಂದೇ ಮಾತು: "ಮಾಮಾ, ನಿಮ್ಮ ಮ್ಯಾಲ ಸಿಟ್ಟಿಲ್ರಿ. ಕಟ್ಟಿ ಆದ ದಿನಾ ಹೇಳಿ ಕಳಸ್ರಿ, ಮೊದಲನೇ ಬಸ್ಸಿಗೆ ಬರತೇನಿ." ಸದಾಶಿವ ರಜೆಯ ದಿನ ಅಲ್ಲಿಗೆ ಹೋಗಿ ಮಗಳ ಮುಖ ನೋಡಿ ಬರುತ್ತಾನೆ. ಅಜ್ಜ ಹೋಗುವುದಿಲ್ಲ. ಸೇದುವವನ ಅಂಗಿಯಲ್ಲೂ ಹೊಗೆ ಇರುತ್ತದೆಂದು ಈ ಸಲ ವೈದ್ಯರು ಹೇಳಿದ್ದು ಅವರ ಮನಸ್ಸಿನಿಂದ ಹೋಗಿಲ್ಲ.

ಬೀಡಿಯನ್ನೇ ಬಿಡಲಿ ಎನ್ನುತ್ತೀರಿ. ಬಿಡಲಿ, ದಯವಿಟ್ಟು ಬಿಡಿಸಿ. ನೀಲಪ್ಪ ಎರಡು ಸಲ ಬಿಟ್ಟು ಲವಂಗ ಅಗಿದು ಸೋತಿದ್ದಾರೆ. ಬಿಡುವುದಕ್ಕೆ ನೆರವು ಎಲ್ಲಿ ಸಿಗುತ್ತದೆಂದು ನಿಮ್ಮ ತಂಡವನ್ನು ಕೇಳಿದರೆ ಇನ್ನೊಂದು ಕರಪತ್ರ ಕೊಟ್ಟರು. ಅವರು ಬಿಡುವ ತನಕ ಕೂಸು ಉಸಿರು ಹಿಡಿದುಕೊಂಡು ಕಾಯಬೇಕೇ? ನಿಮ್ಮ ವಸತಿಗೃಹದಲ್ಲಿ ವರಾಂಡ ಇದೆ, ಮಾಳಿಗೆ ಇದೆ, ಗೇಟಿನವರೆಗೆ ತೋಟವಿದೆ. ಅಲ್ಲಿ ಸೇದುವವನು ನಾಲ್ಕು ಹೆಜ್ಜೆ ನಡೆದರೆ ಸಭ್ಯನಾಗುತ್ತಾನೆ. ಹೊರಗೆ ಹೋಗಿ ಎಂದು ಬಡವನಿಗೆ ಬುದ್ಧಿ ಹೇಳುವುದು ಸುಲಭ, ಮೊದಲು ಅವನಿಗೊಂದು ಹೊರಗು ಇರಬೇಕು.

ಆದ್ದರಿಂದ ನಾವು ಹೊಸ ಯೋಜನೆ ಕೇಳುತ್ತಿಲ್ಲ. ನಮ್ಮ ಹಾಸುಗಲ್ಲುಗಳನ್ನು ನಮಗೆ ಮರಳಿ ಕೊಡಿಸಿ. ಓಣಿಯ ತುದಿಯಲ್ಲಿ ಬೇವಿನ ಮರದ ಕೆಳಗೆ ಚರಂಡಿಯಾಗಲಿ ರಸ್ತೆಯಾಗಲಿ ಮುಟ್ಟದ ಸರ್ಕಾರಿ ಜಾಗವಿದೆ; ತೊಟ್ಟಿಲುಗಳಿಂದ ಅದು ಇನ್ನೂ ದೂರ, ಆದರೆ ಕೂಡಲು ಅಲ್ಲಿ ಒಂದು ಕಲ್ಲೂ ಇಲ್ಲ. ಅಲ್ಲಿ ಕಟ್ಟೆ ಹಾಕಲು ಒಪ್ಪಿಗೆ ಕೊಡಿಸಿ. ಒಪ್ಪಿಗೆ ಕೊಡಬೇಕಾದ ಕಚೇರಿ ಬೇರೆ ಎಂದು ಹೇಳಬೇಡಿ. ಅದು ನಿಮ್ಮದೇ ಕಟ್ಟಡದಲ್ಲಿದೆ, ನಡುವೆ ಒಂದೇ ಗೋಡೆ. ಗೋಡೆಗೆ ಓದು ಬರುತ್ತದೆ ಎಂದು ನೀವು ಈಗಾಗಲೇ ನಂಬಿರುವುದರಿಂದ, ಈ ಪತ್ರದ ಒಂದು ಪ್ರತಿಯನ್ನು ಅದಕ್ಕೂ ಅಂಟಿಸಿ.

ಕಟ್ಟುವ ಕೈ ನಮ್ಮಲ್ಲೇ ಇದೆ. ನೀಲಪ್ಪ ಕರಣಿ ತೊಳೆದು ಬಾಗಿಲ ಬಳಿ ಇಟ್ಟಿದ್ದಾರೆ. ಕಟ್ಟೆ ಆದ ದಿನ ನೀವೂ ಬನ್ನಿ, ದೊಡವಾಡದ ಮೊದಲನೇ ಬಸ್ಸು ಬರುವ ಹೊತ್ತಿಗೆ. ನಿಮ್ಮ ತಂಡದ ಆ ಹಿರಿಯರನ್ನೂ ಕರೆತನ್ನಿ. ಕೃಷ್ಣವ್ವ ತಾಟು ಖಂಡಿತ ಇಡುತ್ತಾರೆ. ಬೇವಿನ ಮರದ ಕೆಳಗೆ.

ಇಂತಿ,
ಒಳಗೆ ಸೇದಬಾರದ, ಹೊರಗೆ ಕೂಡಬಾರದ ಓಣಿಯಿಂದ,
ಗೌರೀಶ
(ಊರಿನ ಹೆಸರು ಬೇಕೆಂದೇ ಬರೆದಿಲ್ಲ. ಬರೆದರೆ ಕಲ್ಲಿಗಿಂತ ಮೊದಲು ಇನ್ನೊಂದು ಸ್ಟಿಕ್ಕರ್ ಬರುತ್ತದೆ. ನಿಮ್ಮ ಕಚೇರಿಯ ಹಿಂದಿನ ಕಿಟಕಿ ತೆರೆದು ನೋಡಿ, ಕಲ್ಲು ಕಂಡರೆ ನಮ್ಮ ಊರು ಅದೇ.)